ಸಂಗಮೇಶ ಬಂಗುಡೆ ಹರಾಜು ಕೂಗಿದ್ದು

ಇಳಕಲ್ಲಿನ ಸಂಗಮೇಶನಿಗೂ ಮೀನಿಗೂ ಇಪ್ಪತ್ತೆಂಟು ವರ್ಷ ಇದ್ದ ನಂಟೆಂದರೆ ಪಂಚಾಂಗದ ಮೀನರಾಶಿ ಒಂದೇ. ತಂದೆ ನೌಕರಿಯಲ್ಲಿದ್ದಾಗಲೇ ತೀರಿಕೊಂಡರು. ಅನುಕಂಪದ ಕೆಲಸ ಸಿಕ್ಕಿತು, ಸಿಕ್ಕಿದ್ದು ಮೀನುಗಾರಿಕೆ ಇಲಾಖೆಯಲ್ಲಿ. ಮೊಟ್ಟೆಯನ್ನೂ ಒಳಗೆ ಬಿಡದ ಮನೆ ಅದು. ತಾಯಿ ತಂಗೆವ್ವ ಎರಡು ದಿನ ಯೋಚಿಸಿ, "ತಿನ್ನು ಅಂದಿಲ್ಲಲ್ಲೋ, ನೋಡು ಅಂದಾರ" ಎಂದು ಮಗನ ಜೊತೆ ಬೆಂಗಳೂರಿನ ಬಿಟಿಎಂ ಲೇಔಟಿನ ಬಾಡಿಗೆ ಮನೆಗೆ ಬಂದಳು.

ನೋಡುವುದೇ ಕಷ್ಟದ ಕೆಲಸವಾಗಿತ್ತು. ಮಳೆಗಾಲ ಮೀನು ಮೊಟ್ಟೆಯಿಡುವ ಕಾಲವೆಂದು ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆಗ ಕದ್ದು ಹಿಡಿದ ಬಂಗುಡೆ ಲಾರಿಯೇರಿ ಬೆಂಗಳೂರಿಗೆ ಬರುತ್ತಿತ್ತು. ಕೇಳಿದರೆ, ಮೇ ತಿಂಗಳಲ್ಲೇ ಕೋಲ್ಡ್ ಸ್ಟೋರೇಜಿಗೆ ಹಾಕಿದ ಮಾಲು ಎನ್ನುತ್ತಿದ್ದರು. ಹಳೆಯದೋ ಹೊಸದೋ ಹೇಳಬೇಕಾದವನು ಸಂಗಮೇಶ. ಎರಡು ಸಾವಿರದ ಎರಡರ ಜುಲೈಯಲ್ಲಿ ಅವನು ತನಗೆ ಗೊತ್ತಿದ್ದ ಒಂದೇ ಪರೀಕ್ಷೆ ಮಾಡಿದ. ಬೆಂಡೆಕಾಯಿಯ ತುದಿ ಮುರಿಯುವ ಹಾಗೆ ಮೀನಿನ ಬಾಲ ಮುರಿದು ನೋಡಿದ. ಪಟ್ಟನೆ ಮುರಿದದ್ದನ್ನೆಲ್ಲ ತಾಜಾ ಎಂದು ಜಪ್ತಿ ಮಾಡಿದ. ಪಟ್ಟನೆ ಮುರಿದದ್ದು ಮಂಜುಗಡ್ಡೆಯಾಗಿದ್ದ ಹಳೇ ಮೀನು. ಕಚೇರಿಯೂ ಮಾರುಕಟ್ಟೆಯೂ ಒಂದು ವಾರ ನಕ್ಕವು. ನಗದ ಮೇಲಧಿಕಾರಿ ಮಾತ್ರ, ಮುಂದಿನ ನಿಷೇಧ ಮುಗಿಯುವುದರೊಳಗೆ ಒಂದಾದರೂ ಸರಿಯಾದ ಮೊಕದ್ದಮೆ ಹಾಕದಿದ್ದರೆ ಕೆಲಸ ಕಾಯಂ ಆಗುವುದಿಲ್ಲವೆಂದು ಬರೆದುಕೊಟ್ಟರು.

ಮಾರನೆಯ ವರ್ಷ ಅವನು ಸುದ್ದಗುಂಟೆಪಾಳ್ಯದ ಬೀದಿಯಲ್ಲಿ ಮೀನು ಮಾರುವ ಗೌರಮ್ಮನ ಮುಂದೆ ಹೋಗಿ ನಿಂತ. ಕಲಿಸಿಕೊಡಿ ಎಂದ. ಅವಳು ಇಂಥ ಅಧಿಕಾರಿಯನ್ನು ಕಂಡಿರಲಿಲ್ಲ.

"ಮೂಗಿಂದ ಕರ್ಚೀಫ್ ತೆಗೀರಿ ಸಾರ್. ಮೂಗು ಮುಚ್ಕೊಂಡು ಯಾರಾದ್ರೂ ಪಾಠ ಕಲೀತಾರಾ?"

ಹದಿನೈದು ದಿನ, ಬೆಳಿಗ್ಗೆ ಪೂಜೆಗೆ ಮುಂಚೆಯೇ ಪಾಠ. ಕಣ್ಣು ಉಬ್ಬಿ ಹೊಳೆಯಬೇಕು, ಕಿವಿರು ದಾಸವಾಳದ ಹಾಗೆ ಕೆಂಪಗಿರಬೇಕು, ಒತ್ತಿದರೆ ಬೆರಳಿನ ಗುರುತು ಉಳಿಯಬಾರದು. ಒಂದು ದಿನ ಗೌರಮ್ಮ ಒಂದು ಮೀನಿನ ಹೊಟ್ಟೆ ಸೀಳಿ, ಒಳಗಿನ ಹಳದಿ ಮೊಟ್ಟೆಗೊಂಚಲು ತೋರಿಸಿದಳು. ಬಸುರಿಯನ್ನು ಹಿಡಿದು ತರುತ್ತಾರೆ, ಆಮೇಲೆ ಮೀನೇ ಇಲ್ಲ ಎಂದು ಅಳುತ್ತಾರೆ ಎಂದಳು. ಸಂಗಮೇಶ ಅದುವರೆಗೆ ಕಾಪಾಡುತ್ತಿದ್ದದ್ದು ತನ್ನ ಕೆಲಸವನ್ನು. ಕಾಪಾಡಬೇಕಾದದ್ದು ಈ ಮೊಟ್ಟೆಯನ್ನೆಂದು ಅವತ್ತು ಹೊಳೆಯಿತು.

ಜುಲೈಯ ಕೊನೆಯ ವಾರ ಸಗಟು ವ್ಯಾಪಾರಿ ಕರೆಪ್ಪನ ಮಳಿಗೆಗೆ ಹೋದ. ಕರೆಪ್ಪ ನಗುತ್ತಲೇ ಒಂದು ಬಂಗುಡೆಯ ಬಾಲ ಮುಂದೆ ಹಿಡಿದು, ಮುರಿಯಿರಿ ಸಾರ್ ಎಂದ. ಸಂಗಮೇಶ ಬಾಲ ಬಿಟ್ಟು ಬರಿಗೈಯಿಂದ ಕಿವಿರು ಎತ್ತಿದ. ದಾಸವಾಳ. ಕರೆಪ್ಪನ ನಗೆ ನಿಂತಿತು.

ನಾಲ್ಕು ಬುಟ್ಟಿ ಜಪ್ತಿಯಾಯಿತು. ಆದರೆ ಕೆಡುವ ಮಾಲನ್ನು ಅಲ್ಲೇ ಹರಾಜು ಹಾಕಿ ರಸೀದಿ ಸೇರಿಸಿದರೆ ಮಾತ್ರ ಮೊಕದ್ದಮೆ ಕೋರ್ಟಿನಲ್ಲಿ ನಿಲ್ಲುತ್ತಿತ್ತು. ಕರೆಪ್ಪನ ಮುಖ ನೋಡಿ ಯಾರೂ ಬೆಲೆ ಕೂಗಲಿಲ್ಲ. ಐಸು ಕರಗುತ್ತಿತ್ತು.

"ಮದುವೆ ಗಂಡಿನ ಹಂಗೆ ನಿಂತ್ರೆ ಯಾರ್ ತಗೋತಾರೆ ಸಾರ್?" ಎಂದಳು ಮಾಲು ಕೊಳ್ಳಲು ಬಂದಿದ್ದ ಗೌರಮ್ಮ. "ಕೂಗಿ."

ಸಂಗಮೇಶ ಕಣ್ಣು ಮುಚ್ಚಿ ಕೂಗಿದ. "ಬರ್ರಿ! ಕಣ್ಣು ನೋಡ್ರಿ, ಮುತ್ತಿನಂಗ ಅದಾವ! ಕಿವಿರು ನೋಡ್ರಿ!" ದನಿ ಊರಿನ ಸಂತೆಯದು. ಜನ ಸೇರಿದರು. ಮಿಲಿಟರಿ ಹೋಟೆಲಿನ ಮಾರಮ್ಮ ಮುಂದೆ ಬಂದು, ಸಾರಿಗೆ ಒಳ್ಳೆಯದೋ ಹುರಿಯುವುದಕ್ಕೋ ಎಂದು ಕೇಳಿದಳು.

"ಎರಡಕ್ಕೂ ಆಗ್ತೈತ್ರಿ."

"ನೀವು ತಿಂದಿದೀರಾ?"

ಸುಳ್ಳು ಹೇಳಿದರೆ ಅವ್ವನಿಗೆ ಮುಖ ತೋರಿಸುವಂತಿಲ್ಲ, ನಿಜ ಹೇಳಿದರೆ ಕೆಲಸ ಉಳಿಯುವುದಿಲ್ಲ. ಸಂಗಮೇಶ ಬುಟ್ಟಿಯ ಮೇಲೆ ಕೈಯಿಟ್ಟು ಹೇಳಿದ.

"ನಮ್ಮ ಮನ್ಯಾಗ ಇವತ್ತಿನ ತನಕ ಒಬ್ರೂ ಇದರ ರುಚಿ ಚಲೋ ಇಲ್ಲ ಅಂದಿಲ್ರಿ."

ಮಾರಮ್ಮ ತಲೆಯಾಡಿಸಿ, ನಾಲ್ಕು ಬುಟ್ಟಿಗೂ ಸೇರಿಸಿ ಒಂದೇ ರಸೀದಿ ಬರೆಯಲು ಹೇಳಿದಳು.