ವಿಜ್ಞಾನಿಗೆ ಶಾಲು ಹೊದಿಸಿ ಕಳಿಸಿದೆವು

ನಾನು ಕೊಟ್ಟೂರಿನಲ್ಲಿ ಬಿ.ಎಸ್ಸಿ. ಓದುವಾಗ ಬೆಂಗಳೂರಿನಿಂದ ಒಬ್ಬ ವಿಜ್ಞಾನಿ ಬಂದರು. ಬೇಸಿಗೆ ರಜೆಯಲ್ಲಿ ಸಂಶೋಧನಾ ತರಬೇತಿಗೆ ಸೇರುವುದು ಹೇಗೆ, ಅದಕ್ಕೆ ಧನಸಹಾಯ ಎಲ್ಲಿ ಸಿಗುತ್ತದೆ ಎಂದು ನಮಗೆ ತಿಳಿಸಲೆಂದೇ ಬಂದಿದ್ದರು. ನಮ್ಮ ಕಾಲೇಜಿನವರು ಮಾತಾಡಲು ಬಿಟ್ಟರೆ ತಾನೆ? ಅಧ್ಯಕ್ಷತೆ ವಹಿಸಬೇಕಾದ ಊರಿನ ಮುಖಂಡರು ಇನ್ನೂ ಬಂದಿರಲಿಲ್ಲ.

“ಲೇ, ಸಾಹೇಬ್ರು ಬರೋತನಕ ನಿನ್ನ ಮಿಮಿಕ್ರಿ ಮಾಡು,” ಎಂದರು ಪ್ರಿನ್ಸಿಪಾಲರು.

ಮೈಕು ಕಂಡರೆ ನನಗೆ ಮೈಮೇಲೆ ಎಚ್ಚರವಿರುವುದಿಲ್ಲ. ಕೋಳಿ, ಕಂಡಕ್ಟರು, ಕೊನೆಗೆ ಪ್ರಿನ್ಸಿಪಾಲರನ್ನೂ ಅಣಕಿಸಿದೆ. ಮುಖಂಡರು ಬಂದ ಮೇಲೆ ಹಾರ, ಶಾಲು, ಹಣ್ಣಿನ ಬುಟ್ಟಿ, ಅವರ ಉದ್ದನೆಯ ಭಾಷಣ. ವಿಜ್ಞಾನದ ವಿದ್ಯಾರ್ಥಿಗಳನ್ನೆಲ್ಲ ಉಪ್ಪಿಟ್ಟು ಹಂಚಲು ಹಚ್ಚಿದರು. ವಿಜ್ಞಾನಿ ಮಾತಿಗೆ ಏಳುವಷ್ಟರಲ್ಲಿ ಅವರ ಬಸ್ಸಿನ ಹೊತ್ತಾಗಿತ್ತು.

ಕಾಲೇಜಿನವರ ಮೇಲೆ ಬಂದ ಸಿಟ್ಟು ತಡೆಯಲಾಗದೆ ಬಸ್‌ಸ್ಟ್ಯಾಂಡಿಗೆ ಓಡಿ, ಬಸ್ಸು ಹತ್ತಿ ಅವರೆದುರು ನಿಂತೆ. “ಸರ್, ತರಬೇತಿಗೆ ಅರ್ಜಿ ಎಲ್ಲಿ ಹಾಕಬೇಕ್ರಿ?”

“ನೀನು ಕೋಳಿ ಕೂಗಿದವನಲ್ವಾ? ಇದನ್ನ ಹೇಳೋಕೇ ಅಲ್ವೇನಪ್ಪಾ ನಾನು ಬಂದಿದ್ದು!”

“ಹೌದ್ರಿ, ಆ ಕೋಳಿ ನಾನ ರೀ. ನಿಮ್ಮನ್ನ ಮಾತಾಡಾಕ ಬಿಡಲಿಲ್ಲ ನೋಡ್ರಿ ನಾವು.”

ಅವರು ಸರಿದು ಜಾಗ ಕೊಟ್ಟರು. ಬಸ್ಸು ಮುಂದಿನ ಊರು ಮುಟ್ಟುವವರೆಗೂ ಎಲ್ಲವನ್ನೂ ಬಿಡಿಸಿ ಹೇಳಿದರು, ನನಗೊಬ್ಬನಿಗೆ. ಆ ಹೊತ್ತಿಗೆ ನನ್ನ ಜೊತೆಯವರು ಕಾಲೇಜಿನಲ್ಲಿ ಕುರ್ಚಿ ಎತ್ತಿಡುತ್ತಿದ್ದರು. ಅವರಲ್ಲಿ ಹಲವರು ನನಗಿಂತ ಚೆನ್ನಾಗಿ ಓದುವವರು.