ಹಮೀದಾಕರ ಬಲಮಂಡಿ

ಕಾರಿನ ಮುಲ್ಕಿಯಾ, ಎಂದರೆ ನೋಂದಣಿ, ನವೀಕರಣಕ್ಕೆ ಬಂದಿದೆ. ತಪಾಸಣೆಗೆ ಒಯ್ಯುವ ಮೊದಲು ಸ್ಟೆಪ್ನಿಯಲ್ಲಿ ಗಾಳಿ ಇದೆಯೋ ಇಲ್ಲವೋ ನೋಡೋಣವೆಂದು ನಿನ್ನೆ ಸಂಜೆ ಡಿಕ್ಕಿ ತೆಗೆದೆ. ಸ್ಟೆಪ್ನಿ ಎತ್ತುತ್ತಿದ್ದಂತೆ ಅದರ ಹಿಂದಿನ ಸಂದಿಯಿಂದ ಒಂದು ವಾಸನೆ ಎದ್ದು ಬಂತು. ನೋವಿಗೆ ಹೊಡೆಯುವ ಸ್ಪ್ರೇ, ಬೆವರು, ಮಸ್ಕತ್ತಿನ ಹಲವು ಬೇಸಗೆಗಳಲ್ಲಿ ಬೆಂದ ರಬ್ಬರು, ಎಲ್ಲ ಕಲೆತ ವಾಸನೆ. ಕೈ ಹಾಕಿ ಎಳೆದರೆ ಮಂಡಿಗೆ ಹಾಕುವ ಒಂದು ನೀಕ್ಯಾಪ್. ನೀಲಿ ಬಣ್ಣ ಹೋಗಿ ಬೂದಿಯ ಬಣ್ಣವಾಗಿತ್ತು, ಎಲಾಸ್ಟಿಕ್ ಸತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಮಗಳು ಮೂಗು ಮುಚ್ಚಿಕೊಂಡು "ಪಪ್ಪಾ, ಥ್ರೋ ಇಟ್" ಎಂದಳು. ನಾನು ಬಿಸಾಡಲಿಲ್ಲ. ನನ್ನ ಉದ್ಯೋಗದಲ್ಲಿ ಸಾಕ್ಷ್ಯವನ್ನು ಯಾರೂ ಬಿಸಾಡುವುದಿಲ್ಲ.

ಉದ್ಯೋಗದ ವಿಷಯ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ನಾನು ಬರೆಯುವುದನ್ನು ಓದಿ ನನ್ನನ್ನು ಕೆಟ್ಟ ಮನುಷ್ಯ ಎಂದುಕೊಂಡೀರಿ. ನಾನು ವಾಹನ ವಿಮೆಯ ಕಚೇರಿಯಲ್ಲಿ ಕ್ಲೇಮು ನೋಡುವವನು. ಎಡಗಡೆಯಿಂದ ಬಂದು ಗುದ್ದಿದ ಎಂದು ಒಬ್ಬ ಹೇಳುತ್ತಾನೆ, ಕಾರಿನ ಬಲಬಾಗಿಲು ತಗ್ಗು ಬಿದ್ದಿರುತ್ತದೆ. ಒಂಟೆ ಅಡ್ಡ ಬಂತು ಎನ್ನುತ್ತಾನೆ, ಬಂಪರಿನಲ್ಲಿ ದೀಪದ ಕಂಬದ ಬಣ್ಣ ಇರುತ್ತದೆ. ಇಂಥದ್ದನ್ನೇ ನೋಡುತ್ತ ನೋಡುತ್ತ ಮನುಷ್ಯರನ್ನೂ ಕಾರುಗಳ ಹಾಗೆ ಸುತ್ತು ಹಾಕಿ ನೋಡುವ ಚಾಳಿ ಬಿದ್ದುಹೋಗಿದೆ. "ಯಾರಾದ್ರೂ ಗುಡ್ ಮಾರ್ನಿಂಗ್ ಹೇಳಿದ್ರೂ ಇವ್ರು ಅದು ಯಾಕೆ ಹೇಳಿದ ಅಂತ ಎರಡು ದಿವ್ಸ ಯೋಚ್ನೆ ಮಾಡ್ತಾರೆ" ಎಂದು ನನ್ನ ಹೆಂಡತಿ ನೆಂಟರೆದುರು ಹೇಳುವುದುಂಟು. ಅವಳು ಅದನ್ನು ನೆಂಟರೆದುರೇ ಏಕೆ ಹೇಳುತ್ತಾಳೆ ಎಂಬುದರ ಬಗ್ಗೆಯೂ ನನಗೆ ಒಂದು ಅನುಮಾನವಿದೆ.

ಈ ನೀಕ್ಯಾಪ್ ಹಮೀದಾಕರದ್ದು. ಮಸ್ಕತ್ತಿನ ದಾರ್ಸೈಟಿನಲ್ಲಿ ಮನೆ, ರುವಿಯಲ್ಲಿ ಬಟ್ಟೆ ಅಂಗಡಿ, ಊರು ಉಳ್ಳಾಲದ ಕಡೆ. ಹೆಸರು ಹಮೀದ್, ಬ್ಯಾರಿ ಮಾತಿನಲ್ಲಿ ಅಣ್ಣನಿಗೆ ಕಾಕ ಎನ್ನುವುದರಿಂದ ಅವರು ಎಲ್ಲರಿಗೂ ಹಮೀದಾಕ. ನಮ್ಮ ವಾಲಿಬಾಲ್ ತಂಡದ ಲಿಫ್ಟರ್. ನಮ್ಮ ಕರಾವಳಿಯ ಗದ್ದೆಗಳಲ್ಲಿ ಆಡಿ ಬೆಳೆದವರಿಗೆ ಲಿಫ್ಟರ್ ಎಂದರೆ ವಿವರಿಸಬೇಕಿಲ್ಲ. ಉಳಿದವರು ಇಷ್ಟು ತಿಳಿದರೆ ಸಾಕು: ಹಿಂದಿನವರು ಹೇಗೋ ಎತ್ತಿಕೊಟ್ಟ ಚೆಂಡನ್ನು ನೆಟ್ಟಿನ ಪಕ್ಕದಲ್ಲಿ ಹಿಡಿದೂ ಹಿಡಿಯದ ಹಾಗೆ ಬೆರಳ ತುದಿಯಲ್ಲಿ ತೇಲಿಸಿ, ಹೊಡೆಯುವವನಿಗೆ ಬೇಕಾದ ಎತ್ತರಕ್ಕೆ ಇಡುವವನು ಲಿಫ್ಟರ್. ಯಾರಿಗೆ ಚೆಂಡು, ಯಾವಾಗ, ಎಷ್ಟು ಎತ್ತರ, ಎಲ್ಲ ಅವನದೇ ತೀರ್ಮಾನ. ಚಪ್ಪಾಳೆ ಮಾತ್ರ ಹೊಡೆದವನಿಗೆ. ನಮ್ಮ ತಂಡದಲ್ಲಿ ಹೊಡೆಯುವವನು ನಾನು. ಎತ್ತರದಲ್ಲಿ ನಾನು ದೊಡ್ಡ ಆಸಾಮಿಯೇನಲ್ಲ. ಆದರೂ ನಾವು ಆಡುತ್ತಿದ್ದ ಗುಬ್ರಾದ ಬಯಲಿನಲ್ಲಿ ನನ್ನ ಸ್ಮ್ಯಾಶಿಗೆ ಒಂದು ಹೆಸರಿತ್ತು. ಆ ಹೆಸರು ನನ್ನ ಭುಜಕ್ಕಿಂತ ಹೆಚ್ಚಾಗಿ ಹಮೀದಾಕರ ಬೆರಳುಗಳಿಗೆ ಸಲ್ಲಬೇಕಾದದ್ದು ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಈ ವಿಷಯ ನಾವಿಬ್ಬರೂ ಎಂದೂ ಮಾತಾಡಿದವರಲ್ಲ.

ನಾನು ಹೇಳುತ್ತಿರುವ ವರ್ಷಗಳಲ್ಲಿ ಹಮೀದಾಕರಿಗೆ ಐವತ್ತು ದಾಟಿತ್ತು. ಎಡಮಂಡಿ ಹಾಳಾಗಿತ್ತು. ಇದು ಇಡೀ ತಂಡಕ್ಕೆ ಗೊತ್ತಿದ್ದ ಸಂಗತಿ. ಎಷ್ಟು ಗೊತ್ತಿತ್ತೆಂದರೆ ಯಾರಿಗೂ ಅದು ಕಾಣಿಸುತ್ತಲೇ ಇರಲಿಲ್ಲ. ಅವರು ಆಟದ ನಡುವೆ ಬಗ್ಗಿ ಮಂಡಿ ಹಿಡಿದುಕೊಂಡರೆ ನಮ್ಮ ಮ್ಯಾನೇಜರ್ ವಿಠಲಣ್ಣ ಸ್ಪ್ರೇ ಡಬ್ಬಿ ಹಿಡಿದು ಓಡುತ್ತಿದ್ದರು, ಬುಸ್ಸೆಂದು ಹೊಡೆಯುತ್ತಿದ್ದರು, ನೀಕ್ಯಾಪ್ ಮೇಲೆಳೆಯುತ್ತಿದ್ದರು, "ಯಲ್ಲಾ ಯಲ್ಲಾ" ಎಂದು ಬೆನ್ನು ತಟ್ಟುತ್ತಿದ್ದರು. ಹಮೀದಾಕ ಎದ್ದು ಆಡುತ್ತಿದ್ದರು.

ಆಟ ಮುಗಿದ ಮೇಲೆ ಕರಕ್ ಚಹಾ ಕುಡಿಯುವಾಗ ಅವರು ಒಮ್ಮೊಮ್ಮೆ, "ನಂಗಿನ್ನು ಸಾಕು ಮಾರಾಯ್ರೆ, ಖಲಾಸ್. ಬೇರೆ ಯಾರನ್ನಾದ್ರೂ ನೋಡಿ" ಎನ್ನುತ್ತಿದ್ದರು. ಆಗ ನಾವೆಲ್ಲ ಒಟ್ಟಿಗೇ ಅವರ ಮೇಲೆ ಬೀಳುತ್ತಿದ್ದೆವು. ಅದೆಂಥ ಮಾತು, ನೀವಿಲ್ಲದೆ ತಂಡವೇ, ಹಾಗೆ ಹೇಳಬೇಡಿ. ನೋಡಿ, ನಮ್ಮ ಕಡೆ ಊಟಕ್ಕೆ ಕೂತವನು ಸಾಕು ಎಂದರೆ ಸೌಟು ಹಿಂದಕ್ಕೆ ತೆಗೆಯುವುದಿಲ್ಲ, ಇನ್ನೊಂದು ಸೌಟು ಸುರಿಯುತ್ತೇವೆ. ಎಲೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲಿ ಸುರಿಯುತ್ತೇವೆ. ಮೊದಲ ಸಾಕಿಗೇ ನಿಲ್ಲಿಸಿದ ಮನೆಯ ಬಗ್ಗೆ ವರ್ಷಗಟ್ಟಲೆ ಮಾತು ಬರುತ್ತದೆ. ಹಾಗಿರುವಾಗ ತಂಡ ಕಟ್ಟಿ ಬೆಳೆಸಿದ ಮನುಷ್ಯ ಸಾಕು ಎಂದರೆ ಯಾರಾದರೂ ನಂಬುತ್ತಾರೆಯೇ? ನಾನಂತೂ ಒಂದು ಹೆಜ್ಜೆ ಮುಂದೆ ಹೋಗಿದ್ದೆ. ಅವರು ನಮ್ಮನ್ನು ಪರೀಕ್ಷಿಸುತ್ತಿದ್ದಾರೆ, ಯಾರು ಹೂಂ ಎಂದು ತಲೆ ಅಲ್ಲಾಡಿಸುತ್ತಾರೆ ಎಂದು ನೋಡುತ್ತಿದ್ದಾರೆ ಎಂಬುದು ನನ್ನ ತರ್ಕ. ಆದ್ದರಿಂದ ಎಲ್ಲರಿಗಿಂತ ಜೋರಾಗಿ ಬೇಡ ಬೇಡ ಎನ್ನುತ್ತಿದ್ದವನೂ ನಾನೇ.

ಅಂಥ ಹೊತ್ತಿಗೆ ಲ್ಯಾನ್ಸನ್ ಬಂದ. ಉಡುಪಿ ಕಡೆಯ ಕೊಂಕಣಿ ಹುಡುಗ, ಮದುವೆಯಾಗಿರಲಿಲ್ಲ. ದುಕ್ಮ್‌ನ ಕೆಲಸಗಾರರ ಕ್ಯಾಂಪಿನಲ್ಲಿ ಎರಡು ವರ್ಷ ಇದ್ದು ಮಸ್ಕತ್ತಿಗೆ ವರ್ಗವಾಗಿ ಬಂದಿದ್ದ. ಇಲ್ಲಿ ಶುಕ್ರವಾರ ರಜೆ, ನಮ್ಮ ಆಟದ ದಿನ. ಮೊದಲ ಶುಕ್ರವಾರವೇ ನನ್ನನ್ನು ಅಂಕಲ್ ಎಂದು ಕರೆದ. ಅದನ್ನು ನಾನು ಮರೆತಿಲ್ಲ. ಎತ್ತರದ ಆಳು, ಉದ್ದ ಬೆರಳು, ಚೆಂಡು ಅವನ ಕೈಗೆ ಬಂದರೆ ಸದ್ದೇ ಆಗುತ್ತಿರಲಿಲ್ಲ. ಲಿಫ್ಟರ್ ಎಂದು ಹೇಳಬೇಕಾಗಿಯೇ ಇರಲಿಲ್ಲ. ಆದರೆ ತಂಡಕ್ಕೆ ಒಬ್ಬರೇ ಲಿಫ್ಟರ್. ಅವನನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸಿದೆವು. ಅವನು ಹೋಗಿ ನಿಂತ. ಅವಕಾಶ ಕೊಡಿ ಎಂದು ಕೇಳುವವನನ್ನು ಅರ್ಥ ಮಾಡಿಕೊಳ್ಳಬಹುದು, ಏನೂ ಕೇಳದವನ ಮನಸ್ಸಿನಲ್ಲಿ ಏನಿದೆ ಎಂದು ಹೇಗೆ ತಿಳಿಯುವುದು?

ಅವನು ಕೇಳುತ್ತಿದ್ದದ್ದು ಒಂದೇ. ಪ್ರತಿ ಶುಕ್ರವಾರ ಬಂದ ಕೂಡಲೇ ನೇರ ಹಮೀದಾಕರ ಬಳಿ ಹೋಗಿ ಕಾಲು ಹೇಗಿದೆ ಎಂದು ಕೇಳುವುದು. ನನ್ನ ಕಿವಿ ನೆಟ್ಟಗಾಗುತ್ತಿತ್ತು. ಯಜಮಾನನ ಆರೋಗ್ಯವನ್ನು ಅಷ್ಟು ಮುತುವರ್ಜಿಯಿಂದ ವಿಚಾರಿಸುವವನು ಸಾಮಾನ್ಯವಾಗಿ ವಾರಸುದಾರನೇ. ನನ್ನ ಅನುಮಾನವನ್ನು ವಿಠಲಣ್ಣನ ಕಿವಿಗೆ ಹಾಕಿದೆ. ಅವರೂ ಅದನ್ನೇ ಯೋಚಿಸುತ್ತಿದ್ದರಂತೆ.

ಕರಾವಳಿ ತಂಡಗಳ ಪಂದ್ಯಾವಳಿ ಹತ್ತಿರ ಬಂದಾಗ ವಿಠಲಣ್ಣ ತಮ್ಮ ಮನೆಯಲ್ಲಿ ಎಲ್ಲರನ್ನೂ ಸೇರಿಸಿದರು, ಹಮೀದಾಕರೊಬ್ಬರನ್ನು ಬಿಟ್ಟು. ಲಿಫ್ಟರ್ ಯಾರು ಎಂಬುದೇ ಪ್ರಶ್ನೆ. ಆ ವರ್ಷ ಹಮೀದಾಕರ ಚೆಂಡುಗಳು ಗಿಡ್ಡವಾಗತೊಡಗಿದ್ದವು, ಎರಡು ಹೆಜ್ಜೆ ಓಡಿ ತಲುಪಬೇಕಾದಲ್ಲಿ ಅವರು ಒಂದೇ ಹೆಜ್ಜೆಗೆ ನಿಲ್ಲುತ್ತಿದ್ದರು. ಎಲ್ಲರೂ ನೋಡಿದ್ದರು. ಆದರೆ ಕೋಳಿಸುಕ್ಕ ಖಾಲಿಯಾಗುವವರೆಗೂ ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ನಾನೇ, ನಿಷ್ಠೆ ಎಂಬುದೊಂದು ಇದೆಯಲ್ಲ, ಈ ತಂಡದ ನೆಟ್ಟನ್ನು ಮೊದಲು ಸ್ವಂತ ದುಡ್ಡಲ್ಲಿ ತಂದವರು ಅವರು ಎಂದು ಒಂದು ಭಾಷಣ ಮಾಡಿದೆ. ಎಲ್ಲರೂ ಹೌದು ಹೌದು ಎಂದರು, ಹಮೀದಾಕರೇ ಲಿಫ್ಟರ್ ಎಂದಾಯಿತು. ಲ್ಯಾನ್ಸನ್ ಮೂಲೆಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದ. ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಯಾರೋ ಇನ್ನೊಬ್ಬರಿಗೆ, ಹಮೀದಾಕರಿಗೆ ಬಿಡಿ ಎಂದು ಹೇಳುವವರು ಯಾರು ಮಾರಾಯ, ನನ್ನಿಂದಾಗದು ಎಂದದ್ದು ಕೇಳಿಸಿತು. ಆಗ ನನಗೆ ನಮ್ಮ ನಿಷ್ಠೆಯ ಮೇಲೆಯೇ ಸ್ವಲ್ಪ ಅನುಮಾನ ಬಂತು. ಹೇಳಲು ಧೈರ್ಯವಿಲ್ಲದ್ದಕ್ಕೂ ಅದೇ ಹೆಸರು ಇಟ್ಟುಕೊಂಡಿರಬಹುದೇ ಎಂದು. ಆದರೆ ಭಾಷಣ ಮಾಡಿ ಆಗಿತ್ತು.

ಅದೇ ವಾರ ಗುಬ್ರಾದ ಒಂದು ಚಹಾದಂಗಡಿಯ ಮುಂದೆ ಎರಡು ಕಾರು ಅಕ್ಕಪಕ್ಕ ನಿಂತದ್ದನ್ನು ಕಂಡೆ. ಒಂದರಲ್ಲಿ ಹಮೀದಾಕ, ಇನ್ನೊಂದರಲ್ಲಿ ಲ್ಯಾನ್ಸನ್, ಗಾಜು ಇಳಿಸಿಕೊಂಡು ಮಾತಾಡುತ್ತಿದ್ದರು. ನನ್ನ ಕಾರು ಕಂಡ ಕೂಡಲೇ ಮಾತು ನಿಂತಿತು. ಹಮೀದಾಕ ಕೈ ಬೀಸಿದರು, ತುಸು ಹೆಚ್ಚೇ ಬೀಸಿದರು. ಅವರ ಕಾರಿನ ಹಿಂದಿನ ಸೀಟಿನಲ್ಲಿ ಒಂದು ಮಡಚುವ ಕುರ್ಚಿ ಇತ್ತು. ಕುರ್ಚಿ ಏಕೆ? ಮೈದಾನದ ಬದಿಯಲ್ಲಿ ರಾಜನಂತೆ ಕೂರಲಿಕ್ಕೋ? ಹುಡುಗ ಮುದುಕನನ್ನು ಹೆದರಿಸುತ್ತಿದ್ದಾನೋ, ಮುದುಕ ಹುಡುಗನನ್ನು ಓಡಿಸುತ್ತಿದ್ದಾರೋ? ಅಂದು ರಾತ್ರಿಯ ಊಟದಲ್ಲಿ ಉಪ್ಪು ಹೆಚ್ಚಾಗಿದ್ದದ್ದೂ ನನಗೆ ತಿಳಿಯಲಿಲ್ಲವಂತೆ.

ಸೆಮಿಫೈನಲ್ ದಿನ ಬೆಳಗ್ಗೆ ಬಿಸಿಲಿನ್ನೂ ಏರಿರಲಿಲ್ಲ. ದೂರದಲ್ಲಿ ಉಪ್ಪುನೀರು ಸಿಹಿ ಮಾಡುವ ಸ್ಥಾವರದ ಚಿಮಣಿಗಳು ಕಾಣುತ್ತಿದ್ದವು. ಆಟ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು, ಹಮೀದಾಕ ನನಗೊಂದು ಚೆಂಡು ಎತ್ತಿದರು. ಹಳೆಯ ದಿನಗಳ ಚೆಂಡು, ಗಾಳಿಯಲ್ಲಿ ನಿಂತು ಕಾಯುವಂಥದ್ದು. ಹೊಡೆದೆ, ಅಂಕ ಬಂತು. ತಿರುಗಿ ನೋಡಿದರೆ ಅವರು ನೆಲದ ಮೇಲೆ ಮಂಡಿ ಹಿಡಿದು ಕೂತಿದ್ದರು. ವಿಠಲಣ್ಣ ಓಡಿ ಬಂದು ಅಭ್ಯಾಸಬಲದಿಂದ ಎಡಮಂಡಿಗೆ ಬುಸ್ಸೆಂದು ಹೊಡೆದರು. ಹಮೀದಾಕ ಮುಖ ಕಿವುಚಿ, "ಅದಲ್ಲ ವಿಠಲಣ್ಣ. ಇದು" ಎಂದು ಬಲಗಾಲು ತೋರಿಸಿದರು.

ವಿಠಲಣ್ಣನ ಕೈಯಲ್ಲಿ ಡಬ್ಬಿ ಹಾಗೇ ನಿಂತಿತು. ಎಡಮಂಡಿಗೆ ಏನು ಮಾಡಬೇಕೆಂದು ನಮಗೆಲ್ಲ ಗೊತ್ತಿತ್ತು, ಬಲಮಂಡಿಗೆ ಗೊತ್ತಿರಲಿಲ್ಲ. ಹೊಸ ನೋವನ್ನು ಕಂಡರೆ ಭಯ. ಎಲ್ಲರೂ ಸೇರಿ ಅವರನ್ನು ಎತ್ತಿ ಬದಿಗೆ ಕರೆದೊಯ್ದು ಕೂರಿಸಿದೆವು. ಲ್ಯಾನ್ಸನ್ ನೆಟ್ಟಿನ ಪಕ್ಕಕ್ಕೆ ಬಂದ. ಅವನ ಮೊದಲ ಎರಡು ಚೆಂಡಿಗೆ ನಾನು ಗಾಳಿಯನ್ನೇ ಹೊಡೆದೆ, ಆಮೇಲೆ ಹೊಂದಿಕೆಯಾಯಿತು. ಆ ಪಂದ್ಯ ಗೆದ್ದೆವು. ಸಂಜೆಯ ಫೈನಲಿನಲ್ಲಿ ಸೋತೆವು. ಸೋತದ್ದು ಲಿಫ್ಟರಿನಿಂದಲ್ಲ, ಕೊನೆಯಲ್ಲಿ ನನ್ನ ಸರ್ವೀಸು ನೆಟ್ಟಿಗೆ ಬಿದ್ದು.

ಎರಡು ಪಂದ್ಯಗಳ ನಡುವೆ ಹಮೀದಾಕರನ್ನು ಮನೆಗೆ ಬಿಡಲು ಹೊರಟವನು ನಾನು. ಬಲಗಾಲಿಗೆ ಪೆಟ್ಟಾದವನು ಕಾರು ಓಡಿಸುವಂತಿಲ್ಲವಲ್ಲ. ಆದರೆ ಅವರು ನನ್ನ ಕಾರು ಹತ್ತುವಾಗ ನನ್ನ ವೃತ್ತಿಯ ಕಣ್ಣು ಸುಮ್ಮನಿರಲಿಲ್ಲ. ಬಲಗಾಲನ್ನು ಊರಿ ತಿರುಗಿ ಕೂತರು, ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಒಳಗಿಟ್ಟುಕೊಂಡರು. ಎಡಗಡೆಯಿಂದ ಗುದ್ದಿದ ಎನ್ನುವವನ ಕಾರಿನ ಬಲಬಾಗಿಲು ನೆನಪಾಯಿತು. ನೀಕ್ಯಾಪ್ ಕಳಚಿ ಕಾಲ ಬಳಿ ಹಾಕಿದರು. ದಾರ್ಸೈಟಿನ ತಿರುವಿನವರೆಗೆ ತಡೆದುಕೊಂಡೆ, ಮತ್ತೆ ಆಗಲಿಲ್ಲ.

"ಹಮೀದಾಕ, ನಿಮ್ಮ ಬಲಗಾಲಿಗೆ ಎಂತದೂ ಆಗ್ಲಿಲ್ಲ ಅಲ್ವಾ?"

ಅವರು ನಕ್ಕರು. "ಎಡದ್ದು ಅಂತ ಹೇಳಿದ್ರೆ ನೀವು ಸ್ಪ್ರೇ ಹೊಡೆದು ಪುನಃ ಆಡಿಸ್ತಿದ್ರಿ."

ಅವರೇ ಮುಂದುವರಿಸಿದರು, ಸಿಟ್ಟಿನಿಂದಲ್ಲ, ಅಂಗಡಿಯಲ್ಲಿ ಗಿರಾಕಿಗೆ ಬಟ್ಟೆಯ ಗುಣ ಹೇಳುವ ದನಿಯಲ್ಲಿ.

"ಸಾಕು ಅಂತ ನಾನು ಎಷ್ಟು ಸಲ ಹೇಳ್ಲಿಲ್ಲ? ನಿಮ್ಮ ಪ್ರೀತಿ ದೊಡ್ಡದು, ಅದಕ್ಕೆ ನಾನು ಎಂತ ಹೇಳುದು. ಆದ್ರೆ ನಮಾಜಿಗೆ ಮಂಡಿ ಊರ್ಲಿಕ್ಕೆ ಆಗುದಿಲ್ಲ ಮಾರಾಯ್ರೆ. ಕುರ್ಚಿ ಹಿಡ್ಕೊಂಡು ಹೋಗ್ತೇನೆ ಈಗ. ಹುಟ್ಟಿಸಿದವನ ಮುಂದೆ ಬಗ್ಗದ ಕಾಲಲ್ಲಿ ನಿಮ್ಗೆ ಹಾರ್ತಾ ಇದ್ದೆ."

ಲ್ಯಾನ್ಸನ್ ಅವರನ್ನು ಎರಡು ಸಲ ಡಾಕ್ಟರ ಬಳಿಗೆ ಕರೆದೊಯ್ದಿದ್ದನಂತೆ. ಚಹಾದಂಗಡಿಯ ಮುಂದೆ ನಡೆದದ್ದೂ ಅದೇ ಮಾತು. ಬಲಗಾಲಿನ ಉಪಾಯ ಅವನಿಗೆ ಗೊತ್ತಿರಲಿಲ್ಲ, ಅದು ಪೂರ್ತಿ ಹಮೀದಾಕರದ್ದೇ. ಕಟ್ಟಡದ ಮುಂದೆ ಇಳಿಯುವಾಗ ಅವರು ಬಾಗಿಲು ಹಿಡಿದು ಬಗ್ಗಿ, "ಕಾಲು ಹೇಗುಂಟು ಅಂತ ಕೇಳಿದ್ದು ಅವನೊಬ್ನೇ. ನೀವೆಲ್ಲ ಹೇಳ್ತಿದ್ದದ್ದು, ಕೇಳಿದ್ದಲ್ಲ" ಎಂದರು. ಮತ್ತೆ ಎಡಗಾಲನ್ನು ಎಳೆಯುತ್ತ ಮೆಟ್ಟಿಲು ಹತ್ತಿದರು. ನೋಡುವವರು ಬೇರೆ ಯಾರೂ ಇಲ್ಲವೆಂದು ನಿಜವಾಗಿ ನೋಯುವ ಕಾಲಿನಲ್ಲೇ ಕುಂಟಿದರು. ನನಗೆ ಅಳು ಬಂತು. ನೀಕ್ಯಾಪ್ ಕಾರಿನಲ್ಲೇ ಉಳಿಯಿತು, ಮರಳಿಸೋಣವೆಂದು ಡಿಕ್ಕಿಗೆ ಹಾಕಿದವನು ಮರೆತುಬಿಟ್ಟೆ.

ಆ ಬೇಸಗೆಯಲ್ಲಿ ಊರಿಗೆ ಹೋಗಿ ಅವರು ಆಪರೇಶನ್ ಮಾಡಿಸಿಕೊಂಡು ಬಂದರು. ಈಗಲೂ ಶುಕ್ರವಾರ ಮೈದಾನಕ್ಕೆ ಬರುತ್ತಾರೆ, ಅದೇ ಮಡಚುವ ಕುರ್ಚಿ ಬಿಡಿಸಿ ರಾಜನಂತೆ ಕೂರುತ್ತಾರೆ. ಅಷ್ಟರಮಟ್ಟಿಗೆ ನನ್ನ ಅನುಮಾನ ನಿಜವಾಯಿತು. ಬಲಮಂಡಿಯ ಕಥೆ ನಾನು ಯಾರಿಗೂ ಹೇಳಿರಲಿಲ್ಲ. ವಿಠಲಣ್ಣ ಇಂದಿಗೂ ಆ ದುರದೃಷ್ಟದ ದಿನದ ಬಗ್ಗೆ ನೊಂದುಕೊಳ್ಳುತ್ತಾರೆ.

ನಿನ್ನೆ ನೀಕ್ಯಾಪ್ ಕೈಯಲ್ಲಿ ಹಿಡಿದು ನಿಂತಿದ್ದಾಗ ಫೋನು ಎರಡು ಮೂರು ಸಲ ಗುನುಗಿತು. ತಂಡದ ವಾಟ್ಸಾಪ್ ಗುಂಪು. ಮುಂದಿನ ವಾರ ಪಂದ್ಯಾವಳಿ. ನೀವಿಲ್ಲದೆ ತಂಡವಿಲ್ಲ ಅಣ್ಣ, ನಿಮ್ಮ ಸ್ಮ್ಯಾಶ್ ಒಂದು ಸಾಕು, ಜೊತೆಗೆ ಬೆಂಕಿಯ ಚಿತ್ರಗಳು. ನನಗೀಗ ಐವತ್ತು ದಾಟಿದೆ. ಒಂದು ವರ್ಷದಿಂದ ಬಲಭುಜ ತಲೆಯ ಮೇಲಕ್ಕೆ ಏಳುವುದಿಲ್ಲ. ಅಂಗಿಯ ತೋಳು ಹಾಕಲೂ ಹೆಂಡತಿ ಬೇಕು. ಎರಡು ಸಲ ಸಾಕು ಎಂದಿದ್ದೆ. ಎರಡು ಸಲವೂ ಎಲ್ಲರೂ ಮೇಲೆ ಬಿದ್ದಿದ್ದರು. ಆ ಸಂದೇಶಗಳನ್ನು ಒಂದೊಂದಾಗಿ ಓದಿದೆ, ಒಂದನ್ನೂ ನಂಬಲಿಲ್ಲ. ಎಡಭುಜ ಹಿಡಿದು ಕೂತರೆ ಹೇಗಿರುತ್ತದೆ ಎಂದು ಒಂದು ಕ್ಷಣ ಯೋಚಿಸಿದ್ದೂ ನಿಜ.

ಆಗ ಲ್ಯಾನ್ಸನ್ ಫೋನು ಮಾಡಿದ. ಈಗ ಅವನೇ ನಾಯಕ, ಅವನಿಗೂ ಇಬ್ಬರು ಮಕ್ಕಳು. ಗುಂಪಿನಲ್ಲಿ ಅವನು ಏನೂ ಬರೆದಿರಲಿಲ್ಲ.

"ಅಣ್ಣ, ಭುಜ ಹೇಗುಂಟು?"

"ನೋಯ್ತದೆ ಮಾರಾಯ" ಎಂದೆ. "ಬಲದ್ದೇ. ಎತ್ಲಿಕ್ಕೆ ಆಗುದಿಲ್ಲ."

"ಸರಿ ಅಣ್ಣ. ಹಾಗಾದ್ರೆ ಶುಕ್ರವಾರ ಇನ್ನೊಂದು ಕುರ್ಚಿ ತರ್ತೇನೆ" ಎಂದ.

ಅಷ್ಟೆ. ಛೆ ಎನ್ನಲಿಲ್ಲ, ಇದೊಂದು ಸಲ ಆಡಿ ಎನ್ನಲಿಲ್ಲ, ನೀವಿಲ್ಲದೆ ಹೇಗೆ ಎಂದು ಬಾಯಿಮಾತಿಗೂ ಕೇಳಲಿಲ್ಲ. ಫೋನು ಇಟ್ಟ ಮೇಲೆ ಡಿಕ್ಕಿಯ ಅಂಚಿನಲ್ಲಿ ಕೂತುಬಿಟ್ಟೆ. ಭುಜಕ್ಕಿಂತ ಹೆಚ್ಚಾಗಿ ಇನ್ನೆಲ್ಲೋ ನೋಯುತ್ತಿತ್ತು. ಆದರೆ ಎಷ್ಟು ಹುಡುಕಿದರೂ ಅವನ ಮೇಲೆ ಅನುಮಾನ ಬರಲಿಲ್ಲ.