ಮಂಜುಗಡ್ಡೆಯೊಳಗಿನ ಕಂದು

ಮೊನ್ನೆ ಶಿರಸಿಯ ದವಾಖಾನೆಯಲ್ಲಿ ಮೊಣಕಾಲಿನ ಗಾಯಕ್ಕೆ ನರ್ಸ್ ಅಯೋಡಿನ್ ಹಚ್ಚಿದಾಗ ಆ ವಾಸನೆಗೆ ಕೂತಲ್ಲಿ ಕೂರಲಾಗಲಿಲ್ಲ. ಉರಿಗಲ್ಲ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಮೇಡಂ ನೆನಪಾಗಿದ್ದರು...

ಅವರು ಅತಿಥಿ ಉಪನ್ಯಾಸಕಿ. ದಿನಾ ಯಲ್ಲಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ನಾನು ವಾನಳ್ಳಿ ಕಡೆಯ ಬಾವಿಗಳ ನೀರು ತಂದು ನೈಟ್ರೈಟ್ ಇದೆಯೇ ಎಂದು ನೋಡುತ್ತಿದ್ದೆ. ಆಮ್ಲ, ಅಯೋಡೈಡ್ ಬೆರೆಸಿದಾಗ ನೈಟ್ರೈಟ್ ಇರುವ ನೀರಿನಲ್ಲಿ ಅಯೋಡಿನ್ ಹುಟ್ಟಿ ಕಂದಾಗಬೇಕು. ಒಂದೂ ಆಗಲಿಲ್ಲ. ಅವುಗಳಲ್ಲಿ ಒಂದು ನಳಿಕೆಯನ್ನು ಫ್ರೀಜರಿನಲ್ಲಿಟ್ಟು ಮನೆಗೆ ಹೋದೆ. ಮರುದಿನ ಅದು ಗಡ್ಡೆಕಟ್ಟಿ ಕಂದಾಗಿತ್ತು. ಮೇಜಿನ ಮೇಲಿದ್ದ ಅದೇ ನೀರು ಮಾತ್ರ ತಿಳಿಯಾಗಿಯೇ ಇತ್ತು.

ವಿಭಾಗದ ಮುಖ್ಯಸ್ಥರು ಎರಡನ್ನೂ ನೋಡಿದರು. "ಥಂಡಿಯಲ್ಲಿ ಕ್ರಿಯೆ ನಿಧಾನ ಆಗ್ತದೆ, ಜೋರಾಗೂದಿಲ್ಲ. ನೀನೇ ಎಂತದೋ ಹಾಕಿದ್ದೆ." ತಪ್ಪೊಪ್ಪಿಕೊಂಡು ಬರೆದುಕೊಟ್ಟರೆ ಮಾತ್ರ ಪ್ರಾಜೆಕ್ಟಿಗೆ ಸಹಿ ಎಂದು ಹೇಳಿ ಫ್ರಿಜ್ಜಿಗೆ ಬೀಗ ಹಾಕಿಸಿದರು.

ಮೇಡಂ ನನ್ನನ್ನು ನಂಬಿದರು. "ಗಡಿಬಿಡಿ ಮಾಡ್ಬೇಡ, ನಾ ನೋಡ್ತೆ," ಎಂದರು. ಮೀನಿನ ಲಾರಿಯವರಿಂದ ಮಂಜುಗಡ್ಡೆ ತಂದು, ಇನ್ನೂ ಥಂಡಿಯಾಗಲೆಂದು ಉಪ್ಪು ಬೆರೆಸಿ, ಅದರಲ್ಲಿ ಅದೇ ಬಾವಿನೀರಿನ ನಳಿಕೆಗಳನ್ನು ನಿಲ್ಲಿಸಿ ಮೂರು ದಿನ ಸಂಜೆಯ ಬಸ್ಸು ಬಿಟ್ಟು ಕೂತರು.

ನನಗೆ ತಡೆಯಲಾಗಲಿಲ್ಲ. ಮೂರನೆಯ ದಿನ ಮಧ್ಯಾಹ್ನ, ನಾನೇ ಅಯೋಡಿನ್ ಹಾಕಿದ್ದು ಎಂದು ಬರೆದುಕೊಟ್ಟುಬಿಟ್ಟೆ.

ಅದೇ ಸಂಜೆ ಮೇಡಂ ಕರೆದು ತೋರಿಸಿದರು. ಐದು ನಳಿಕೆ, ಐದೂ ಕಂದು.

"ನೋಡು, ನೀರು ಗಡ್ಡೆ ಆಗೂವಾಗ ಅದರಲ್ಲಿ ಕರಗಿದ್ದನ್ನೆಲ್ಲ ಹೊರಗೆ ನೂಕ್ತದೆ. ಹರಳಿನ ಸಂದಿಯಲ್ಲಿ ಉಳಿದ ಚೂರು ನೀರಲ್ಲಿ ಎಲ್ಲ ಒತ್ತೊತ್ತಾಗಿ ಕೂತ್ಕಳ್ತದೆ. ಅದಕ್ಕೇ ನೈಟ್ರೈಟ್ ಚೂರೇ ಇದ್ರೂ ಬೇಗ ನಡೀತದೆ."

ನಾನು ಪತ್ರದ ವಿಷಯ ಹೇಳಿದೆ. ಅವರು ನಳಿಕೆಯನ್ನು ಮೆಲ್ಲಗೆ ಕೆಳಗಿಟ್ಟರು. "ಒಂದಿನ ತಡ್ಕಳ್ಳಕ್ಕೆ ಆಗ್ಲಿಲ್ವಾ ನಿಂಗೆ?"

ಹುಡುಗಿಯೇ ಒಪ್ಪಿಕೊಂಡಿದ್ದಾಳಲ್ಲ ಎಂದು ಮುಖ್ಯಸ್ಥರು ನೋಡಲೂ ಬರಲಿಲ್ಲ. ಮುಂದಿನ ವರ್ಷ ಮೇಡಂಗೆ ಕಾಲೇಜಿನಿಂದ ಕರೆ ಬರಲಿಲ್ಲ. ನಾನು ಪಾಸಾದೆ. ಹೋಗಿ ಮಾತಾಡಿಸಬೇಕು ಎಂದುಕೊಳ್ಳುತ್ತಲೇ ವರ್ಷಗಳು ಹೋದವು...

ನಿನ್ನೆ ಕುಂಟುತ್ತಲೇ ಯಲ್ಲಾಪುರಕ್ಕೆ ಹೋದೆ. ಬಾಗಿಲು ತೆರೆದವರು ಅವರ ಅಣ್ಣ.

"ಅವಳು ತೀರ್ಕಂಡು ಎರಡು ವರ್ಷ ಆಯ್ತು. ನೀವು ಶಿಷ್ಯೆನಾ? ಆ ಬಾವಿನೀರಿನ ಹುಡುಗಿ ಗೊತ್ತಾ ನಿಮಗೆ? ಪಾಪ, ಹೆದರ್ಸಿ ಬರೆಸ್ಕಂಡ್ರು, ಅವಳದ್ದೆಂತ ತಪ್ಪಿಲ್ಲ ಅಂತ ತಂಗಿ ಯಾವಾಗ್ಲೂ ಹೇಳ್ತಿದ್ಲು."

"ಗೊತ್ತಿಲ್ಲ," ಎಂದೆ.

ಬಸ್‌ಸ್ಟ್ಯಾಂಡಿನಲ್ಲಿ ಶಿರಸಿಯ ಎರಡು ಬಸ್ಸು ಹೋದವು. ಹತ್ತಲಿಲ್ಲ. ತಿರುಗಿ ನಡೆದು ಮತ್ತೆ ಆ ಬಾಗಿಲು ಬಡಿದೆ. ಆ ಹುಡುಗಿ ನಾನೇ ಎಂದು ಅಣ್ಣನಿಗೆ ಹೇಳಿದೆ. ಕೇಳಿಸಿಕೊಳ್ಳಬೇಕಿದ್ದವರು ಇರಲಿಲ್ಲ.